ಪಟ್ಟಿಯಲ್ಲಿಲ್ಲದ ಮಾತು

ಸಮೀಕ್ಷೆಯ ಕೆಲಸಕ್ಕೆ ಮೊಬೈಲು ಬಂದ ಮೇಲೆ ತಪ್ಪಿಗೆ ಎಡೆಯೇ ಉಳಿದಿಲ್ಲವೆಂದು ಹೇಳುವ ಪಂಡಿತರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಕಾಗದ ಹರಿಯುವುದಿಲ್ಲ, ಅಕ್ಷರ ಅಳಿಸುವುದಿಲ್ಲ, ಒಂದು ಪ್ರಶ್ನೆಯನ್ನು ಹಾರಿಸಿ ಮುಂದಿನದಕ್ಕೆ ಹೋಗಲು ಯಂತ್ರವೇ ಬಿಡುವುದಿಲ್ಲ; ಸಂಜೆ ಕೇಳಿದ್ದು ರಾತ್ರಿಯೊಳಗೆ ರಾಜಧಾನಿಯನ್ನು ಸೇರುತ್ತದೆ. ಇವೆಲ್ಲ ನಿಜ. ಕಾಗದದ ಕಾಲವೇ ಸತ್ಯಯುಗವಾಗಿತ್ತೆಂದು ವಾದಿಸುವವನು ನಾನಲ್ಲ. ಆದರೆ ಉತ್ತರ ಬೇಗ ಬಂದು ಸೇರಿತೆಂದ ಮಾತ್ರಕ್ಕೆ, ಅದು ಹೇಳಿದವರ ಉತ್ತರವೇ ಆಗಿ ಬಂದು ಸೇರಿತೆಂದು ನಂಬಬೇಕೆ?

೨೦೧೧ರ ಜನಗಣತಿಯಲ್ಲಿ ಮಾತೃಭಾಷೆಯ ವಿಷಯಕ್ಕೆ ಗಣತಿದಾರನಿಗಿದ್ದ ಸೂಚನೆ ಬಹು ಸರಳವಾದದ್ದು: ಮನೆಯವರು ಹೇಳಿದ ಹೆಸರನ್ನು ಪೂರ್ತಿಯಾಗಿ ಬರೆದುಕೊಳ್ಳತಕ್ಕದ್ದು. ದೇಶದಲ್ಲೆಲ್ಲ ಹೀಗೆ ಬರೆದುಕೊಂಡಾಗ ಬಂದ ಹೆಸರುಗಳು ೧೯,೫೬೯! ಭಾಷಾತಜ್ಞರು ಅವನ್ನು ಸೋಸಿ, ಒಂದೇ ನುಡಿಯ ನಾನಾ ಹೆಸರುಗಳನ್ನು ಒಂದುಗೂಡಿಸಿ, ೧,೩೬೯ ಮಾತೃಭಾಷೆಗಳನ್ನು ಗುರುತಿಸಿದರು. ೧,೪೭೪ ಹೆಸರುಗಳು ಎಲ್ಲಿಯೂ ಸೇರದೆ ‘ಇತರ’ ಎಂಬ ಮೂಲೆಗೆ ಹೋದವು. ಕೊನೆಗೆ, ಹತ್ತು ಸಾವಿರಕ್ಕೆ ಕಡಮೆಯಿಲ್ಲದಷ್ಟು ಜನ ಆಡುವ ೧೨೧ ಭಾಷೆಗಳ ಪಟ್ಟಿ ಪ್ರಕಟವಾಯಿತು.

ಈ ಸೋಸುವಿಕೆಯಲ್ಲಿ ಅನ್ಯಾಯವೇ ಆಗಲಿಲ್ಲವೆ? ಆಗಿರಬಹುದು. ನೀಲಗಿರಿಯ ಬಡಗವನ್ನು ಆ ಪಟ್ಟಿ ಕನ್ನಡದ ಲೆಕ್ಕಕ್ಕೆ ಸೇರಿಸಿದೆ. ಬಡಗ ಸ್ವತಂತ್ರ ಭಾಷೆಯೋ ಕನ್ನಡದ ಉಪಭಾಷೆಯೋ ಎಂಬುದು ವಿದ್ವಾಂಸರ ಚರ್ಚೆ. ಕನ್ನಡಿಗರ ಸಂಖ್ಯೆ ೧ ಲಕ್ಷ ೩೩ ಸಾವಿರದಷ್ಟು ಏರಿತಲ್ಲಾ ಎಂದು ಕನ್ನಡದ ಮೇಷ್ಟರಾದ ನಾವು ಹಿಗ್ಗಬಹುದು. ನನಗಂತೂ ಆ ಹಿಗ್ಗು ಬೇಡ. ವಾಚಕರು ಗಮನಿಸಬೇಕಾದದ್ದು ಬೇರೆ. ಬಡಗರು ‘ಬಡಗ’ ಎಂದದ್ದನ್ನು ಹಾಗೆಯೇ ಬರೆದುಕೊಂಡದ್ದರಿಂದ, ಕನ್ನಡದ ಕೆಳಗೆ ಆ ಹೆಸರೂ ಅದರ ಲೆಕ್ಕವೂ ಇಂದಿಗೂ ಬೇರೆಯಾಗಿ ಕಾಣುತ್ತವೆ. ವಿಂಗಡಣೆ ತಪ್ಪೆಂದು ತೋರಿದರೆ ನಾಳೆ ಇನ್ನೊಬ್ಬರು ತಿದ್ದಬಹುದು. ಆಡಿದ ಮಾತು ಉಳಿದುಕೊಂಡಿದೆ.

ಈಗ ಕೈಯಂತ್ರದ ರೀತಿಯನ್ನು ನೋಡೋಣ. ಪ್ರಶ್ನೆಯ ಕೆಳಗೆ ಹೆಸರುಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಒಂದರ ಮೇಲೆ ಬೆರಳೊತ್ತಬೇಕು. ಮನೆಯ ಅಜ್ಜಿ ಹೇಳಿದ ಹೆಸರು ಅದರಲ್ಲಿಲ್ಲ. ಹೊತ್ತು ಮುಳುಗುತ್ತಿದೆ, ಸರ್ವರು ಕೈಕೊಡುತ್ತಿದೆ, ಇನ್ನೂ ಹತ್ತು ಮನೆ ಬಾಕಿ. ಗಣತಿದಾರ ಏನು ಮಾಡಿಯಾನು? “ಇದೂ ಹೆಚ್ಚುಕಡಮೆ ಅದೇ ಅಲ್ಲವೇನಜ್ಜಿ” ಎಂದು ಒಂದನ್ನು ಒತ್ತುತ್ತಾನೆ. ಇಲ್ಲವೆ ‘ಇತರ’ ಎಂಬಲ್ಲಿಗೆ ಅಟ್ಟುತ್ತಾನೆ. ಹಿಂದೆ ತಜ್ಞರು ಕಚೇರಿಯಲ್ಲಿ ಕುಳಿತು ವರ್ಷಗಟ್ಟಲೆ ಮಾಡುತ್ತಿದ್ದ ವಿಂಗಡಣೆಯನ್ನು ಈಗ ಬಿಸಿಲಲ್ಲಿ ಬಳಲಿದ ಶಾಲೆಯ ಮೇಷ್ಟರು ಹೊಸ್ತಿಲ ಬಳಿ ನಿಂತು ಅರೆಗಳಿಗೆಯಲ್ಲಿ ಮುಗಿಸುತ್ತಾರೆ. ಅಜ್ಜಿ ಏನೆಂದಳೆಂಬುದಕ್ಕೆ ಎಲ್ಲಿಯೂ ಗುರುತಿಲ್ಲ. ತಪ್ಪಿನ ಗುರುತೇ ಇಲ್ಲದ್ದನ್ನು ತಪ್ಪಿಲ್ಲದ್ದೆಂದು ಕರೆಯುವುದು ಎಂಥ ತರ್ಕ! (ಮನುಷ್ಯರನ್ನು ಕೇಳದೆಯೇ ಗಣಕಯಂತ್ರದಿಂದ ಉತ್ತರ ಹೇಳಿಸುವ ಪ್ರಯೋಗಗಳೂ ಈಗ ನಡೆಯುತ್ತಿವೆ. ಅಲ್ಲಿ ಅಜ್ಜಿಯ ಕಾಟವೇ ಇಲ್ಲ.)

ಅಷ್ಟಕ್ಕೂ ಆ ಪಟ್ಟಿಯನ್ನು ಮಾಡಿದವರು ಯಾರು? ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ೨೦೨೫ರ ಸೆಪ್ಟೆಂಬರ್ ೨೨ರಂದು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ನೆನೆಯಿರಿ. ವಿದ್ಯುತ್ ಮೀಟರನ್ನು ಆಧಾರವಾಗಿಟ್ಟುಕೊಂಡು ಮನೆಗಳನ್ನು ಗುರುತಿಸಿ, ೬೦ ಪ್ರಶ್ನೆಗಳನ್ನು ಮೊಬೈಲಿನಲ್ಲಿ ತುಂಬಿ ಶಿಕ್ಷಕರನ್ನು ಕಳುಹಿಸಿದರು. ಆದರೆ ಮೊದಲ ಮನೆಯ ಬಾಗಿಲು ತಟ್ಟುವುದಕ್ಕೆ ಮುಂಚೆಯೇ, ಜಾತಿಗಳ ಪಟ್ಟಿಯಲ್ಲಿ ಯಾವ ಹೆಸರಿರಬೇಕು, ಯಾವುದಿರಬಾರದು ಎಂಬ ಜಗಳ ಎದ್ದಿತು; ಕೆಲವು ಹೆಸರುಗಳನ್ನು ಆಯೋಗ ಪರದೆಯಿಂದ ಮರೆಮಾಡಬೇಕಾಯಿತು. ಯಾರ ಪಕ್ಷ ಸರಿ ಎಂಬುದು ಇಲ್ಲಿ ನನ್ನ ವಿಷಯವಲ್ಲ. ಪಟ್ಟಿಯೂ ಒಂದು ಅಭಿಪ್ರಾಯವೇ. ಯಂತ್ರದೊಳಗೆ ಹೊಕ್ಕ ಮಾತ್ರಕ್ಕೆ ಅದು ವಿಜ್ಞಾನವಾಗದು.

ಹೀಗೆಂದರೆ ನನ್ನನ್ನು ಹಳೆಯ ಕಾಲದವನೆನ್ನುತ್ತಾರೆ. ೧೯೫೦ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸರಿಗಿಂತ ಆಧುನಿಕರು ಬೇಕೆ? ದೇಶದ ಮೊದಲ ಗಣಕಯಂತ್ರ ಬಂದದ್ದೂ ಕಲ್ಕತ್ತೆಯ ಅವರ ಸಂಸ್ಥೆಗೇ. ಆದರೂ ಅವರು ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳುಹಿಸಿ, ಎರಡರ ಲೆಕ್ಕವನ್ನೂ ತಾಳೆ ನೋಡುವ ಕ್ರಮವನ್ನು ತಂದರು. ಹೇಳುವವರ ಉತ್ತರದ ಜೊತೆಗೆ ಕೇಳುವವರ ತಪ್ಪನ್ನೂ ಅಳೆಯಬೇಕೆಂಬುದು ಅವರ ಹಟ.

೨೦೨೭ರ ಜನಗಣತಿ ಪೂರ್ತಿ ಡಿಜಿಟಲ್ ಎಂದು ಘೋಷಿತವಾಗಿದೆ. ಜನ ತಾವೇ ಮಾಹಿತಿ ತುಂಬುವುದಕ್ಕೂ ಅವಕಾಶವಿದೆ. ಒಳ್ಳೆಯದೇ. ಆದರೆ ಮಾತೃಭಾಷೆಯ ಪ್ರಶ್ನೆಯಲ್ಲಿ, ಪಟ್ಟಿಗೆ ಮೊದಲು, ಹೇಳಿದ್ದನ್ನು ಹೇಳಿದಂತೆಯೇ ಅವರವರ ಲಿಪಿಯಲ್ಲಿ ಬರೆಯುವ ಖಾಲಿ ಜಾಗವೊಂದಿರಲಿ. ಸಂಕೇತ ಹಚ್ಚುವ ಕೆಲಸ ಆಮೇಲೆ ನಡೆಯಲಿ, ಮೂಲವನ್ನು ಅಳಿಸದಿರಲಿ. ಗಣತಿದಾರನಿಗೆ ಮನೆಗೊಂದು ನಿಮಿಷ ಹೆಚ್ಚು ಹಿಡಿಯಬಹುದು. ಹಿಡಿಯಲಿ. ಇಡೀ ಚಲನಚಿತ್ರವನ್ನು ಅಡಗಿಸಿಟ್ಟುಕೊಳ್ಳುವ ಮೊಬೈಲಿನಲ್ಲಿ ಅಜ್ಜಿ ಹೇಳಿದ ಒಂದು ಹೆಸರಿಗೆ ಎಡೆಯಿಲ್ಲವೆಂದು ಯಾವ ಅಧಿಕಾರಿ ಹೇಳಿಯಾನು?