ಬೆಕ್ಕು, ಜಾನಮಾಜ್ ಮತ್ತು ಮಳೆಗಾಲದ ಶುಚಿತ್ವ

ಮಳೆಗಾಲ ಆರಂಭವಾಯಿತೆಂದರೆ ಕಲಘಟಗಿಯ ಹೆಂಚಿನ ಮನೆಗಳಿಂದ ಹಿಡಿದು ನವಲಗುಂದ, ಅಣ್ಣಿಗೇರಿ, ಕುಂದಗೋಳದ ಮಣ್ಣಿನ ಮಾಳಿಗೆ ಮನೆಗಳವರೆಗೆ ಒಂದೇ ದೂರು ಕೇಳಿಬರುತ್ತದೆ: ಒಳಗೆಲ್ಲ ಬೆಕ್ಕಿನ ಮೂತ್ರದ ವಾಸನೆ. ಜೋಳ, ಕಡಲೆಯ ಚೀಲಗಳನ್ನು ಇಲಿಗಳಿಂದ ಕಾಯಲೆಂದು ಸಾಕಿದ ಜೀವವೇ ಆಗ ಹೊರೆಯಾಗಿ ಕಾಣುತ್ತದೆ. ಕೆಲವರು ಅದನ್ನು ಚೀಲದಲ್ಲಿ ಕಟ್ಟಿ ದೂರದ ಹೊಲದಲ್ಲಿ ಬಿಟ್ಟು ಬರುತ್ತಾರೆ. ಕೆಲವರು ಊದುಬತ್ತಿ ಹಚ್ಚಿ ವಾಸನೆಯನ್ನು ಮರೆಮಾಚುತ್ತಾರೆ. ಇನ್ನು ಕೆಲವರು ಒಂದೇ ಜಾನಮಾಜನ್ನು ಹತ್ತು ಬಾರಿ ತೊಳೆದರೂ ಸಂಶಯ ತೀರದೆ ಕೊರಗುತ್ತಾರೆ. ಈ ಮೂರೂ ಇಸ್ಲಾಮ್ ಕಲಿಸಿದ ದಾರಿಗಳಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಝ್ರತ್ ಅಬೂ ಕತಾದಾ(ರ) ಅವರ ವುಝೂವಿಗಾಗಿ ಸೊಸೆ ನೀರಿಟ್ಟಾಗ ಬೆಕ್ಕೊಂದು ಬಂದಿತು. ಅವರು ಪಾತ್ರೆಯನ್ನು ಬಾಗಿಸಿ ಅದಕ್ಕೆ ಕುಡಿಯಲು ಬಿಟ್ಟರು. ಸೊಸೆ ಬೆರಗಾಗಿ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಓಡಾಡಿಕೊಂಡಿರುವ ಜೀವ ಎಂದು ಪ್ರವಾದಿ(ಸ) ತಿಳಿಸಿದ್ದನ್ನು ನೆನಪಿಸಿದರು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀಯ ದುರ್ಗತಿಯನ್ನೂ ಹದೀಸ್‌ಗಳು ಎಚ್ಚರಿಕೆಯಾಗಿ ಹೇಳಿವೆ. ಮನೆಯ ಅನ್ನಕ್ಕೆ ಒಗ್ಗಿದ ಪ್ರಾಣಿಯನ್ನು ಮಳೆಯಲ್ಲಿ ಹೊಲದ ಪಾಲು ಮಾಡುವವರು ಈ ಎಚ್ಚರಿಕೆಯನ್ನು ಒಮ್ಮೆ ನೆನೆಯಬೇಕು.

ಆದರೆ ಬೆಕ್ಕು ಶುದ್ಧವೆಂದ ಮಾತ್ರಕ್ಕೆ ಅದರ ಮೂತ್ರ ಶುದ್ಧವಾಗುವುದಿಲ್ಲ, ಅದು ನಜಸ್. ನಮಾಝ್‌ನ ಬಟ್ಟೆ, ಸ್ಥಳಗಳಿಂದ ಅದನ್ನು ನಿವಾರಿಸಲೇಬೇಕು. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಮದ್‌ಹಬ್‌ನ ವಿದ್ವಾಂಸರು ಇದಕ್ಕೆ ಸರಳ ವಿಧಾನವನ್ನು ಹೇಳಿದ್ದಾರೆ. ಬಟ್ಟೆಯನ್ನು 3 ಬಾರಿ ತೊಳೆದು ಪ್ರತಿ ಬಾರಿಯೂ ಹಿಂಡಬೇಕು. ಹಿಂಡಲಾಗದ ದಪ್ಪ ಹಾಸಾದರೆ ಪ್ರತಿ ಬಾರಿಯೂ ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಬೇಕು. ಅಷ್ಟಾದ ಮೇಲೂ ಸುಲಭವಾಗಿ ಹೋಗದ ಕಲೆ ಉಳಿದರೆ ಅದಕ್ಕೆ ರಿಯಾಯಿತಿಯಿದೆ. ಮಣ್ಣಿನ ನೆಲ ಒಣಗಿ ಬಣ್ಣವೂ ವಾಸನೆಯೂ ಹೋದರೆ ಅಲ್ಲಿ ನಮಾಝ್ ನಿರ್ವಹಿಸಬಹುದು. ಶಾಫಿಈ ಮದ್‌ಹಬ್‌ನವರು ನೀರು ಸುರಿಯಬೇಕೆನ್ನುತ್ತಾರೆ. ಗ್ರಾಮೀಣ ಅರಬನೊಬ್ಬ ಮಸೀದಿಯಲ್ಲಿ ಮೂತ್ರ ಮಾಡಿದಾಗ ಪ್ರವಾದಿ(ಸ) ಅವನನ್ನು ಗದರದೆ, ಆ ಸ್ಥಳಕ್ಕೆ ಒಂದು ಬಕೆಟ್ ನೀರು ಸುರಿಸಿದರು. ಧರ್ಮ ಕೇಳುವುದು ಇಷ್ಟನ್ನೇ. ಇದಕ್ಕಿಂತ ಮುಂದಿನ ಸಂಶಯ ವಸ್‌ವಾಸ್ ಆಗಿದೆ.

ಹಾಗಾದರೆ ವಾಸನೆಯ ಗೊಡವೆ ಬೇಡವೇ? ಬೇಕು. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದವರು ಇತರರಿಗೆ ತೊಂದರೆಯಾಗದಂತೆ ಮಸೀದಿಯಿಂದ ದೂರವಿರಬೇಕೆಂದು ಕಲಿಸಿದ ಧರ್ಮ, ಅತಿಥಿಯು ಮೂಗು ಮುಚ್ಚಿಕೊಳ್ಳುವ ಮನೆಯನ್ನು ಮೆಚ್ಚಲಾರದು.

ತೊಳೆದ ವಾಸನೆ ಮಳೆಗಾಲದಲ್ಲಿ ಮರಳಿ ಬರುವುದಕ್ಕೆ ಕಾರಣವಿದೆ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಮಾರ್ಪಡಿಸುತ್ತವೆ. ಅದರ ಯೂರಿಕ್ ಆಮ್ಲವು ನೀರಿನಲ್ಲಿ ಸುಲಭವಾಗಿ ಕರಗದೆ ಎಳೆಗಳಲ್ಲಿ ಹರಳಾಗಿ ಉಳಿಯುತ್ತದೆ. ಗಾಳಿಯ ತೇವ ತಾಗಿದೊಡನೆ ವಾಸನೆ ಪುನಃ ಏಳುತ್ತದೆ. ಊದುಬತ್ತಿ, ಅತ್ತರುಗಳು ಇದನ್ನು ತೆಗೆಯಲಾರವು.

ನವಲಗುಂದದ ಮುಸ್ಲಿಮ್ ಸಹೋದರಿಯರು ತಲೆಮಾರುಗಳಿಂದ ನೇಯುತ್ತ ಬಂದ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಜಮಖಾನೆ ಮತ್ತು ಜಾನಮಾಜ್‌ಗಳು ಹತ್ತಿಯವು. ಹಸಿಯಿದ್ದಾಗಲೇ ಹಳೆಯ ಬಟ್ಟೆಯನ್ನು ಒತ್ತಿ ಹೀರಿಸಬೇಕು, ಉಜ್ಜಬಾರದು. ಬಿಸಿನೀರು ಕಲೆಯನ್ನು ಗಟ್ಟಿಗೊಳಿಸುತ್ತದೆ, ಆದ್ದರಿಂದ ತಣ್ಣೀರೇ ಸರಿ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ, ಮೊದಲು ಮೂಲೆಯೊಂದರಲ್ಲಿ ಬಣ್ಣ ಬಿಡುವುದೇ ಎಂದು ಪರೀಕ್ಷಿಸಿ ಹಚ್ಚಬೇಕು. ಹಳೆಯ ಕಲೆಗೆ ಕಿಣ್ವಗಳಿರುವ ದ್ರಾವಣ ಹೆಚ್ಚು ಪರಿಣಾಮಕಾರಿ. ಅದನ್ನು ಕೆಲವು ಗಂಟೆ ಒದ್ದೆಯಾಗಿಯೇ ಬಿಡಬೇಕು. ಬಳಿಕ 3 ಬಾರಿ ಶುದ್ಧ ನೀರಿನಿಂದ ತೊಳೆದು, ಮಡಚದೆ ಗಾಳಿಯಲ್ಲಿ ಹರಡಬೇಕು. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಕೊಡವಿದರೆ ಉಳಿದ ವಾಸನೆಯೂ ತಗ್ಗುತ್ತದೆ.

ಶಹಾಬಾದ್ ಕಲ್ಲಿನ ನೆಲಕ್ಕೆ ವಿನೆಗರ್ ಹಾಕಬಾರದು. ಅದು ಸುಣ್ಣದ ಕಲ್ಲಾದ್ದರಿಂದ ಆಮ್ಲ ಅದನ್ನು ತಿನ್ನುತ್ತದೆ. ಸಾಬೂನು ನೀರಿನಿಂದ ಸಂದುಗಳನ್ನು ಉಜ್ಜಿ ತೊಳೆಯುವುದು ಲೇಸು. ಮಣ್ಣಿನ ನೆಲವಾದರೆ ನೆನೆದ ಮೇಲ್ಪದರವನ್ನು ಕೆರೆದು ತೆಗೆದು ಹೊಸ ಮಣ್ಣು ಮೆತ್ತಬೇಕು. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ಸುರಿಯುವುದಾಗಲಿ, ವಿನೆಗರ್ ಜೊತೆ ಬೆರೆಸುವುದಾಗಲಿ ಅಪಾಯಕರ, ವಿಷಾನಿಲ ಏಳುತ್ತದೆ. ಫಿನೈಲ್ ಬೆಕ್ಕಿಗೆ ವಿಷ.

ಹಿತ್ತಲ ಮೂಲೆಯಲ್ಲಿ ಮಳೆ ತಾಗದಂತೆ ಒಣ ಮರಳಿನ ಬುಟ್ಟಿಯೊಂದನ್ನು ಇಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಬೆಕ್ಕಿನ ಮಲದಿಂದ ಸೋಂಕು ತಗಲುವ ಸಾಧ್ಯತೆ ಇರುವುದರಿಂದ ಗರ್ಭಿಣಿಯರು ಅದನ್ನು ಮುಟ್ಟಬಾರದು. ಇದ್ದಕ್ಕಿದ್ದಂತೆ ಕಂಡಲ್ಲೆಲ್ಲ ಮೂತ್ರ ಮಾಡುವ ಬೆಕ್ಕು ರೋಗಿಯಾಗಿರಬಹುದು. ಅದಕ್ಕೆ ಬೇಕಾದುದು ಕೋಲಲ್ಲ, ಪಶುವೈದ್ಯರು.

ಕೊನೆಯದಾಗಿ ಒಂದು ಮಾತು ಪುರುಷರಿಗೆ. ಒದ್ದೆಯಾದ ಜಮಖಾನೆಯನ್ನು ಎತ್ತಿ ಹಿಂಡುವುದು ಒಬ್ಬ ಹೆಣ್ಣುಮಗಳ ಸೊಂಟಕ್ಕೆ ಮೀರಿದ ಭಾರ. ಪ್ರವಾದಿ(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಸಾಕ್ಷ್ಯ ನುಡಿದಿದ್ದಾರೆ. ಮನೆಯವರ ಮೇಲೆ ಗೊಣಗುವ ಮುನ್ನ, ಬೆಕ್ಕನ್ನು ಚೀಲಕ್ಕೆ ತುಂಬುವ ಮುನ್ನ ನಾವು ತೋಳು ಮಡಚೋಣ. ಶುಚಿತ್ವವನ್ನೂ ಕರುಣೆಯನ್ನೂ ಒಟ್ಟಿಗೆ ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.