ವೇಗವೊಂದಿದ್ದರೆ ಸಾಕೆ?

ಕಳೆದ ತಿಂಗಳು ಅಮೆರಿಕದಿಂದ ಹಳೆಯ ಶಿಷ್ಯನೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯಲ್ಲಿ ನನ್ನಲ್ಲಿ ಗಣಿತ ಕಲಿತವನು. ಉತ್ತರ ಸರಿಯಾಗಿಯೇ ಬರೆಯುತ್ತಿದ್ದ, ಆದರೆ ನಡುವಣ ಹಂತಗಳನ್ನು ಹಾರಿಸಿಬಿಡುತ್ತಿದ್ದ. ಅದಕ್ಕಾಗಿ ನನ್ನಿಂದ ಎಷ್ಟೋ ಬಾರಿ ಅಂಕ ಕಳೆದುಕೊಂಡಿದ್ದ. ಕುಶಲೋಪರಿಯಾದ ಮೇಲೆ ಮಾತು ಅಲ್ಲಿಯ ಕಾಲೇಜು ಫುಟ್‌ಬಾಲಿನತ್ತ ಹೊರಳಿತು. ತನ್ನ ಮೆಚ್ಚಿನ ತಂಡದ ಲೈನ್ ಈ ಬಾರಿ ದುರ್ಬಲವೆಂದು ಅವನೇ ಒಪ್ಪಿಕೊಂಡ. ಒಪ್ಪಿಕೊಂಡವನು ಮರುಕ್ಷಣವೇ, "ಆದರೇನು ಮೇಷ್ಟ್ರೇ, ನಮ್ಮದು ಅತಿವೇಗದ ಆಟ. ವೇಗವಾಗಿ ಆಡಿದರೆ ಲೈನಿನ ದೌರ್ಬಲ್ಯ ಎದುರಾಳಿಗೆ ಕಾಣುವುದೇ ಇಲ್ಲ" ಎಂದ. ಫೋನಿನಲ್ಲಿ ವಾದ ಬೆಳೆಸುವುದು ನನಗೆ ಒಗ್ಗದು. ಆದ್ದರಿಂದ ನನ್ನ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಮೇಷ್ಟ್ರಿಗೂ ಅಮೆರಿಕದ ಫುಟ್‌ಬಾಲಿಗೂ ಎಲ್ಲಿಯ ನಂಟು ಎಂದು ನೆಂಟರು ನಕ್ಕಾರು. 2014ರ ಸೆಪ್ಟೆಂಬರ್ ಆರಂಭದಲ್ಲಿ ನಾನೂ ನನ್ನಾಕೆಯೂ ಆರೆಗನ್ ರಾಜ್ಯದ ಯುಜೀನ್ ಪಟ್ಟಣದಲ್ಲಿದ್ದ ಮಗಳ ಮನೆಗೆ ಹೋಗಿ ಐದು ತಿಂಗಳು ಇದ್ದೆವು. ಅಲ್ಲಿಯ ವಿಶ್ವವಿದ್ಯಾನಿಲಯದ ತಂಡವೆಂದರೆ ಊರಿಗೆ ಊರೇ ಹಸಿರು ಹಳದಿ ಉಡುಪು ತೊಟ್ಟು ನಿಲ್ಲುತ್ತದೆ. ಅಳಿಯ ಪಕ್ಕದಲ್ಲಿ ಕೂರಿಸಿಕೊಂಡು ಆಟದ ನಿಯಮಗಳನ್ನು ಹೇಳಿಕೊಟ್ಟ. ಮೇಷ್ಟ್ರಾಗಿದ್ದವನು ವಿದ್ಯಾರ್ಥಿಯಾದೆ. ವಿದ್ಯಾರ್ಥಿ ಸ್ವಲ್ಪ ಮಂದ ಎಂದು ಅವನಿಗೆ ಅನ್ನಿಸಿದ್ದರೂ ಬಾಯಿಬಿಟ್ಟು ಹೇಳಲಿಲ್ಲ.

ಆಟ ತಿಳಿಯದವರಿಗಾಗಿ ಎರಡು ಮಾತು. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುನ್ನಡೆಯಬೇಕು. ಮುನ್ನಡೆದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಹನ್ನೊಂದು ಆಟಗಾರರಲ್ಲಿ ಐವರು ಭಾರೀ ದೇಹದವರು ಮುಂಚೂಣಿಯಲ್ಲಿ ಬಾಗಿ ನಿಲ್ಲುತ್ತಾರೆ. ಇವರದೇ ಲೈನ್. ಚೆಂಡು ಹಿಡಿದು ಓಡುವುದು ಇವರ ಕೆಲಸವಲ್ಲ. ಎದುರಿನವರನ್ನು ಎದೆಯೊಡ್ಡಿ ತಡೆದು ಹಿಂದಿನವರಿಗೆ ದಾರಿ ಮಾಡಿಕೊಡುವುದೇ ಇವರ ಕಾಯಕ. ವೀಕ್ಷಕ ವಿವರಣೆಗಾರರು ಇವರ ಹೆಸರೆತ್ತುವುದು ಬಹುತೇಕ ತಪ್ಪು ಮಾಡಿದಾಗ ಮಾತ್ರ. ಒಂದು ಯತ್ನ ಮುಗಿದ ಮೇಲೆ ಮುಂದಿನದಕ್ಕೆ 40 ಸೆಕೆಂಡುಗಳ ಅವಕಾಶವಿದೆ. ಅತಿವೇಗದ ತಂಡ ಅದರಲ್ಲಿ ಹದಿನೈದಿಪ್ಪತ್ತನ್ನಷ್ಟೇ ಬಳಸಿ, ಎದುರಾಳಿ ಉಸಿರೆಳೆದುಕೊಳ್ಳುವ ಮೊದಲೇ ಚೆಂಡೆತ್ತುತ್ತದೆ. 2009ರಿಂದ 2012ರವರೆಗೆ ಆರೆಗನ್ನಿನ ಮುಖ್ಯ ತರಬೇತುದಾರನಾಗಿದ್ದ ಚಿಪ್ ಕೆಲಿ ಈ ಪದ್ಧತಿಯಿಂದಲೇ ಹೆಸರಾದ.

ನನ್ನ ಶಿಷ್ಯನ ಪಕ್ಷದಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ಚೆಂಡು ಹಿಡಿದ ತಂಡ ಆಟಗಾರರನ್ನು ಬದಲಿಸದಿದ್ದರೆ, ಎದುರಾಳಿಗೆ ಬದಲಿಸಲು ಪ್ರತ್ಯೇಕ ಸಮಯ ಕೊಡಬೇಕಾಗಿಲ್ಲ. ಮುನ್ನೂರು ಪೌಂಡಿನ ದೈತ್ಯ ಸತತವಾಗಿ ಏಳೆಂಟು ಬಾರಿ ನುಗ್ಗಿದ ಮೇಲೆ ಏದುಸಿರು ಬಿಡುತ್ತಾನೆ. ಆಗ ಅವನನ್ನು ತಡೆಯುವುದು ಸಾಧಾರಣ ಆಟಗಾರನಿಗೂ ಸಾಧ್ಯ. ಸಂಕೀರ್ಣ ವ್ಯೂಹ ರಚಿಸಲು ಎದುರಾಳಿಗೆ ವ್ಯವಧಾನವಿರುವುದಿಲ್ಲ. ಒಬ್ಬನನ್ನು ಬೇಕೆಂದೇ ತಡೆಯದೆ ಬಿಟ್ಟು, ಅವನು ಯಾವ ಕಡೆ ಬಾಗುತ್ತಾನೋ ನೋಡಿ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಚೆಂಡು ಸಾಗಿಸುವ ಚಾತುರ್ಯವೂ ಇದೆ. ಒಪ್ಪಿದೆ. ಇವೆಲ್ಲ ಕೊಂಚ ಕೊರತೆಯನ್ನು ಮುಚ್ಚುತ್ತವೆ.

ಆದರೆ ನೋಡಿ, ಎದುರಾಳಿ ದಣಿಯುವುದು ಯಾವಾಗ? ಸತತ ಏಳೆಂಟು ಯತ್ನ ನಡೆದಾಗ. ಅಷ್ಟು ಯತ್ನ ನಡೆಯಬೇಕಾದರೆ ಮೊದಲ ಹತ್ತು ಗಜ ಸಿಕ್ಕಿರಬೇಕು. ಆ ಹತ್ತು ಗಜವನ್ನು, ಎದುರಾಳಿ ಇನ್ನೂ ದಣಿಯದೆ ಹೊಸ ಕಸುವಿನಲ್ಲಿ ನಿಂತಿರುವಾಗ, ಗಳಿಸಿಕೊಡುವವರಾರು? ಅದೇ ಐವರು! ಅವರು ಸೋತರೆ ಮೂರು ಯತ್ನ ಒಂದೇ ನಿಮಿಷದಲ್ಲಿ ಮುಗಿದು ಚೆಂಡು ಎದುರಾಳಿಯ ಪಾಲಾಗುತ್ತದೆ. ದಣಿಯುವುದು ಈಗ ಯಾರು? ವಿಶ್ರಾಂತಿಯಿಲ್ಲದೆ ಮತ್ತೆ ಕಣಕ್ಕಿಳಿದ ತಮ್ಮದೇ ರಕ್ಷಣಾ ಪಡೆ. ಲೈನ್ ದುರ್ಬಲವಾಗಿದ್ದರೆ ವೇಗವು ಸೋಲನ್ನು ಬೇಗ ತರುತ್ತದೆ, ಅಷ್ಟೆ. ನನ್ನ ಶಿಷ್ಯ ಹಾರಿಸಿದ ಹಂತ ಇದೇ.

ನಾನು ಕಣ್ಣಾರೆ ಟಿ.ವಿ.ಯಲ್ಲಿ ಕಂಡ 2014ರ ಋತುವನ್ನೇ ತೆಗೆದುಕೊಳ್ಳೋಣ. ಪ್ರಯೋಗಾಲಯದಲ್ಲಿಯೂ ಇಷ್ಟು ಸ್ಪಷ್ಟವಾದ ಪ್ರಯೋಗ ಸಿಗುವುದು ಅಪರೂಪ. ತರಬೇತುದಾರ ಅದೇ ಮಾರ್ಕ್ ಹೆಲ್ಫ್ರಿಚ್. ಕ್ವಾರ್ಟರ್‌ಬ್ಯಾಕ್ ಅದೇ ಮಾರ್ಕಸ್ ಮರಿಯೊಟ. ಆ ವರ್ಷದ ಹೈಸ್‌ಮನ್ ಪ್ರಶಸ್ತಿ ಅವನಿಗೇ ಸಂದಿತು. ವೇಗವೂ ಅದೇ. ಬದಲಾದದ್ದು ಲೈನ್ ಮಾತ್ರ. ಟೈಲರ್ ಜಾನ್‌ಸ್ಟೋನ್ ಎಂಬ ಟ್ಯಾಕಲ್ ಆಗಸ್ಟಿನಲ್ಲೇ ಮಂಡಿಯ ಗಾಯದಿಂದ ಹೊರಗುಳಿದ. ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಟ್ಯಾಕಲ್ ಜೇಕ್ ಫಿಶರ್ ಗಾಯಗೊಂಡ. ಅನನುಭವಿಗಳು ಅಂಚುಗಳಲ್ಲಿ ನಿಂತರು. ಸೆಪ್ಟೆಂಬರ್ 20ರಂದು ವಾಷಿಂಗ್ಟನ್ ಸ್ಟೇಟ್ ತಂಡ ಮರಿಯೊಟನನ್ನು ಏಳು ಬಾರಿ ನೆಲಕ್ಕೆ ಕೆಡವಿತು. ಆದರೂ ಆರೆಗನ್ 38-31ರಿಂದ ಗೆದ್ದಿತು.

"ಗೆದ್ದಿತಲ್ಲ! ಮುಚ್ಚಿತಲ್ಲ!" ಎನ್ನುವನೇನೋ ನನ್ನ ಶಿಷ್ಯ. ಮುಚ್ಚಿದ್ದು ವೇಗವಲ್ಲಪ್ಪ. ಎಸೆದ 25ರಲ್ಲಿ 21 ಎಸೆತಗಳನ್ನು ಗುರಿಮುಟ್ಟಿಸಿ ಐದು ಟಚ್‌ಡೌನ್ ಮಾಡಿಸಿದ ಆ ಹುಡುಗನ ಪ್ರತಿಭೆ ಮುಚ್ಚಿತು. ಬಿದ್ದು ಬಿದ್ದು ಎದ್ದವನು ಅವನು. ಏಳನೆಯ ಬಾರಿ ಕೆಡವಿದಾಗ ನನ್ನಾಕೆ, "ಪಾಪ, ಯಾರದೋ ಮಗು" ಎಂದು ಒಳಗೆದ್ದು ಹೋದಳು. ಅಂಕಪಟ್ಟಿಯಲ್ಲಿ ಕಾಣದಿದ್ದುದು ಹನ್ನೆರಡೇ ದಿನಗಳಲ್ಲಿ ಕಂಡಿತು. ಅಕ್ಟೋಬರ್ 2ರಂದು ಆಟ್ಜನ್ ಕ್ರೀಡಾಂಗಣದಲ್ಲಿ, ತವರಿನ ಜನರೆದುರಿನಲ್ಲೇ, ಅರಿಜೋನ 31-24ರಿಂದ ಗೆದ್ದಿತು. ಕೊನೆಯಲ್ಲಿ ಸ್ಕೂಬಿ ರೈಟ್ ಎಂಬ ಅರಿಜೋನದ ಆಟಗಾರ ನುಗ್ಗಿಬಂದು ಮರಿಯೊಟನ ಕೈಯಿಂದ ಚೆಂಡನ್ನೇ ಕಿತ್ತುಕೊಂಡ. ಮರುದಿನ ಅಂಗಡಿಯಲ್ಲಿಯೂ ಸೂತಕದ ಕಳೆ.

ಅನಂತರ ಫಿಶರ್ ಮರಳಿದ. ಅವನನ್ನು ಎಡ ಟ್ಯಾಕಲ್ ಸ್ಥಾನದಲ್ಲಿ, ಅಂದರೆ ಬಲಗೈಯಲ್ಲಿ ಎಸೆಯುವವನ ಬೆನ್ನಿನ ಕಾವಲಿಗೆ, ನಿಲ್ಲಿಸಿದರು. ಅಕ್ಟೋಬರ್ 11ರಂದು ಯು.ಸಿ.ಎಲ್.ಎ. ವಿರುದ್ಧ 42-30. ಅಲ್ಲಿಂದ ಸಾಲಾಗಿ ಒಂಬತ್ತು ಗೆಲುವು! ಡಿಸೆಂಬರ್ 5ರಂದು ಅದೇ ಅರಿಜೋನವನ್ನು 51-13ರಿಂದ ಸದೆಬಡಿದರು. ಹೊಸವರ್ಷದ ದಿನ ಫ್ಲಾರಿಡ ಸ್ಟೇಟ್ ತಂಡವನ್ನು 59-20ರಿಂದ. ನಡುವೆ ನವೆಂಬರಿನಲ್ಲಿ ಸೆಂಟರ್ ರೊನಿಸ್ ಗ್ರಾಸು ಗಾಯಗೊಂಡದ್ದು ನಿಜ. ಆದರೆ ಆ ತೂತಿಗೆ ತೇಪೆ ಹಾಕಿದವನು ಹಮಾನಿ ಸ್ಟೀವನ್ಸ್ ಎಂಬ ಅನುಭವಿ ಗಾರ್ಡ್. ಅವನೂ ಲೈನಿನವನೇ ತಾನೆ? ಸೆಪ್ಟೆಂಬರಿನಲ್ಲಿಯೂ ಅದೇ ವೇಗ, ಡಿಸೆಂಬರಿನಲ್ಲಿಯೂ ಅದೇ ವೇಗ. ವೇಗವೇ ದೌರ್ಬಲ್ಯವನ್ನು ಮುಚ್ಚುವುದಾದರೆ ಸೆಪ್ಟೆಂಬರಿನಲ್ಲಿ ಏಕೆ ಮುಚ್ಚಲಿಲ್ಲ?

ಒಂದೇ ಋತುವಿನ ಆಕಸ್ಮಿಕ ಎನ್ನುವವರಿಗೆ 2011ರ ಜನವರಿ 10ನ್ನು ನೆನಪಿಸುತ್ತೇನೆ. ಅದನ್ನು ಅಳಿಯ ಹಳೆಯ ಮುದ್ರಿಕೆಯಲ್ಲಿ ತೋರಿಸಿದ. ಅರಿಜೋನದ ಗ್ಲೆಂಡೇಲಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ, ಎದುರಾಳಿ ಆಬರ್ನ್. ಆರೆಗನ್ ಅಲ್ಲಿಯವರೆಗೆ ಸೋತೇ ಇರಲಿಲ್ಲ. ಪಂದ್ಯಕ್ಕೆ ಮುನ್ನೂರರ ಆಸುಪಾಸು ಗಜಗಳನ್ನು ಬರೀ ಓಟದಿಂದಲೇ ಗಳಿಸುತ್ತಿತ್ತು. ಆ ರಾತ್ರಿ ಓಟದಿಂದ ಸಿಕ್ಕಿದ್ದು 75 ಗಜ! ಆಬರ್ನಿನ ನಿಕ್ ಫೇರ್ಲಿ ಎಂಬ ಮಹಾಕಾಯ ನಡುಲೈನನ್ನು ಪದೇ ಪದೇ ಭೇದಿಸಿ ಬಂದ. ಮೂರನೆಯ ಕಾಲುಭಾಗದಲ್ಲಿ ಆರೆಗನ್ನಿಗೆ ನಾಲ್ಕನೆಯ ಯತ್ನ, ಗೆರೆಗೆ ಉಳಿದದ್ದು ಒಂದೇ ಗಜ. ಅಲ್ಲಿ ವೇಗವೇನು ಮಾಡೀತು? ಓಡಲು ಬಯಲೇ ಇಲ್ಲ. ಎದುರಿನವನನ್ನು ಒಂದು ಗಜ ಹಿಂದಕ್ಕೆ ನೂಕಬೇಕು, ಅಷ್ಟೆ. ನೂಕಲಾಗಲಿಲ್ಲ. ಕೊನೆಗೆ 22-19ರಲ್ಲಿ ಸೋಲು. ಐದು ವಾರಕ್ಕೂ ಹೆಚ್ಚಿನ ಬಿಡುವಿನಲ್ಲಿ ಆ ವೇಗಕ್ಕೆ ಸಿದ್ಧರಾಗಿ ಬಂದವರನ್ನು ದಣಿಸಿ ಗೆಲ್ಲುವುದು ಸುಲಭವೆ?

ಚಿಪ್ ಕೆಲಿ ವೃತ್ತಿಪರ ತಂಡಕ್ಕೆ ಹೋದ ಮೇಲೂ ಇದೇ ಕಥೆ. 2013ರಲ್ಲಿ ಫಿಲಡೆಲ್ಫಿಯದ ಅದೇ ಐವರು ಲೈನಿನವರು ಹದಿನಾರೂ ಪಂದ್ಯಗಳಲ್ಲಿ ಆಟ ಆರಂಭಿಸಿದರು. ಅವರ ಹಿಂದೆ ಓಡಿದ ಲಶಾನ್ ಮೆಕಾಯ್ 1,607 ಗಜ ಗಳಿಸಿ ಇಡೀ ಲೀಗಿಗೇ ಮೊದಲಿಗನಾದ. 2015ರಲ್ಲಿ ಆ ಐವರಲ್ಲಿ ಇಬ್ಬರು ಅನುಭವಿಗಳನ್ನು ಕೈಬಿಟ್ಟರು. ಸೆಪ್ಟೆಂಬರಿನಲ್ಲಿ ಡಲ್ಲಾಸ್ ವಿರುದ್ಧ ಡಿಮಾರ್ಕೊ ಮರ್ರಿ ಹದಿಮೂರು ಬಾರಿ ಚೆಂಡು ಹಿಡಿದು ಗಳಿಸಿದ್ದು ಎರಡು ಗಜ. ಎರಡೇ! ಹಿಂದಿನ ವರ್ಷ ಇಡೀ ಲೀಗಿನಲ್ಲಿ ಅತಿ ಹೆಚ್ಚು ಗಜ ಓಡಿದ್ದವನು ಇದೇ ಮರ್ರಿ.

ತಮಾಷೆಯೆಂದರೆ ವೇಗದ ವಿರೋಧಿಗಳಿಗೂ ಇದೇ ಭ್ರಮೆ. 2014ರ ಫೆಬ್ರವರಿಯಲ್ಲಿ, ಮೊದಲ ಹತ್ತು ಸೆಕೆಂಡುಗಳೊಳಗೆ ಚೆಂಡೆತ್ತಬಾರದೆಂಬ ನಿಯಮದ ಪ್ರಸ್ತಾಪ ಬಂದಿತ್ತು. ಅಲಬಾಮದ ನಿಕ್ ಸೇಬನ್ ಅದರ ಪರವಾಗಿದ್ದ. ಮಾರ್ಚಿನಲ್ಲಿ ಪ್ರಸ್ತಾಪ ಬಿದ್ದುಹೋಯಿತು. ಆ ಋತುವಿನಲ್ಲಿ ಸೇಬನ್ನನ ತಂಡವೇ ವೇಗವಾಗಿ ಆಡತೊಡಗಿ ತನ್ನ ಒಕ್ಕೂಟದ ಪ್ರಶಸ್ತಿಯನ್ನೂ ಗೆದ್ದಿತು. ಅವರ ಲೈನ್ ಗಟ್ಟಿಯಾಗಿತ್ತು, ವೇಗ ಅದಕ್ಕೆ ಒಪ್ಪಿತು.

2015ರ ಜನವರಿ 12ರ ರಾತ್ರಿ ಆರೆಗನ್ ಮತ್ತೊಮ್ಮೆ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ ಆಡಿತು, ಒಹಾಯೊ ಸ್ಟೇಟ್ ವಿರುದ್ಧ. ಒಹಾಯೊದವರು ನಾಲ್ಕು ಬಾರಿ ಚೆಂಡನ್ನು ಕೈಚೆಲ್ಲಿಯೂ 42-20ರಿಂದ ಗೆದ್ದರು. ಅವರ ಎಜೆಕಿಯಲ್ ಎಲಿಯಟ್ ಒಬ್ಬನೇ 246 ಗಜ ಓಡಿದ. ಅಳಿಯ ಎಲಿಯಟ್‌ನನ್ನೇ ನೋಡುತ್ತಿದ್ದ. ನಾನು ಅವನ ಮುಂದಿದ್ದ ಐವರನ್ನು ನೋಡುತ್ತಿದ್ದೆ. ಅವರು ತೆರೆದ ಹಾದಿಗಳಲ್ಲಿ ನಮ್ಮೂರ ಎತ್ತಿನ ಗಾಡಿಯೂ ಸಲೀಸಾಗಿ ಹೋಗಬಹುದಿತ್ತು.

ಶಿಷ್ಯನೇ, ನಿನ್ನ ಉತ್ತರವನ್ನು ಎದುರುನೋಡುತ್ತೇನೆ. ಈ ಬಾರಿಯಾದರೂ ಹಂತಗಳನ್ನು ಬಿಡದೆ ಬರೆ.