ಅಂಗಳವನ್ನು ಕಸಿದುಕೊಂಡು ಆಟಿಕೆ ಕೊಡುವವರು

ಎರಡು ವರ್ಷದ ಕೂಸಿಗೂ ಈಗ ಬೇಸಿಗೆ ಚಟುವಟಿಕೆ ಮಾರಾಟಕ್ಕಿದೆ. ಬಣ್ಣದ ಹಿಟ್ಟು, ಅಂಟುಚಿತ್ರ, ಪ್ಲಾಸ್ಟಿಕ್ ಅಕ್ಷರಗಳನ್ನು ತುಂಬಿದ ಪೆಟ್ಟಿಗೆಗಳು ನಗರದ ಅಂಗಡಿಗಳನ್ನು ದಾಟಿ, ಮೊಬೈಲ್ ಪರದೆಯ ಮೂಲಕ ಹಳ್ಳಿಗಳನ್ನೂ ತಲುಪಿವೆ. ಪೆಟ್ಟಿಗೆ ಕೊಳ್ಳಲಾರದ ಮನೆಯಲ್ಲಿ ಆ ಪರದೆಯೇ ಮಗುವಿನ ಕೈಗೆ ಬರುತ್ತದೆ. ಮಗುವಿನಲ್ಲಿ ಏನೋ ಕೊರತೆಯಿದೆ, ಅದನ್ನು ಹಣ ಕೊಟ್ಟು ತುಂಬಬೇಕು ಎಂಬ ಅಳುಕನ್ನು ಮೊದಲು ಬಿತ್ತಿ, ಆಮೇಲೆ ಸರಕನ್ನು ಮಾರುವುದು ಮಾರುಕಟ್ಟೆಯ ಹಳೆಯ ಉಪಾಯ. ಬಿತ್ತನೆ ಬೀಜದ ವಿಷಯದಲ್ಲಿ ರೈತ ಕಂಡದ್ದನ್ನೇ ಇಂದು ತಾಯಿ ಕಾಣುತ್ತಿದ್ದಾಳೆ: ಮನೆಯಲ್ಲಿದ್ದುದು ಕೀಳು, ಪೊಟ್ಟಣದಲ್ಲಿ ಬಂದುದು ಮೇಲು.

ವಿಜ್ಞಾನ ಹೇಳುವುದು ಬೇರೆಯೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿ, ಹತ್ತಿಳಿದು, ಮೈಕೈ ಆಡಿಸಬೇಕು. ಒಂದು ವರ್ಷದ ಮಗುವಿಗೆ ಪರದೆ ಕೂಡದು. ಎರಡು ವರ್ಷವಾದ ಮೇಲೆಯೂ ಒಂದು ಗಂಟೆಗೆ ಮೀರಬಾರದು. ಮೂರು ಗಂಟೆಗಳ ಈ ಓಡಾಟಕ್ಕೆ ಬೇಕಾದದ್ದು ಪೆಟ್ಟಿಗೆಯಲ್ಲ. ಒಂದು ಅಂಗಳ, ಒಂದು ನೆರಳು, ಕಣ್ಣಿಟ್ಟು ಕೂರುವ ಒಬ್ಬ ಹಿರಿಯರು.

ರಾಮನಾಥಪುರದ ಸುತ್ತಿನ ಯಾವುದೇ ಮನೆಯಲ್ಲಿ ಆಟದ ಸಾಮಗ್ರಿಗೆ ಬಡತನವಿಲ್ಲ. ಶುದ್ಧವಾದ ಜೇಡಿಮಣ್ಣನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಲ್ಲು ಆಯ್ದು, ಹದವಾಗಿ ನಾದಿಕೊಟ್ಟರೆ ಒಂದೂವರೆ ವರ್ಷದ ಮಗು ಅದನ್ನು ಹಿಸುಕುತ್ತದೆ, ತಟ್ಟುತ್ತದೆ. ಮೂರು ವರ್ಷದ್ದು ಉಂಡೆ ಕಟ್ಟಿ ರೊಟ್ಟಿ ಮಾಡುತ್ತದೆ. ಮುಂದೆ ಬಳಪ ಹಿಡಿಯಬೇಕಾದ ಬೆರಳುಗಳಿಗೆ ಬಲ ಬರುವುದು ಇಲ್ಲಿಂದಲೇ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನಿಂದ ಎತ್ತು ಮಾಡಿ ಪೂಜಿಸುವ ಜನ ಈ ಕೈಕೆಲಸವನ್ನೇ ಹಬ್ಬವಾಗಿಸಿದ್ದಾರೆ. ಬಿದ್ದ ಅಡಿಕೆ ಹಾಳೆಯ ಮೇಲೆ ಕೂಸನ್ನು ಕೂರಿಸಿ ನಿಧಾನವಾಗಿ ಎಳೆದರೆ ಅದೇ ರಥ. ತೆಂಗಿನ ಗರಿಯ ಗಿರಿಗಿಟ್ಟೆ ಗಾಳಿಯ ದಿಕ್ಕನ್ನು ತೋರಿಸುತ್ತದೆ. ಅಡ್ಡ ಕೊಯ್ದ ಬೆಂಡೆಕಾಯಿಯನ್ನು ಬೀಟ್‌ರೂಟಿನ ರಸದಲ್ಲಿ ಅದ್ದಿ ಹಳೆಯ ಪತ್ರಿಕೆಯ ಮೇಲೆ ಒತ್ತಿದರೆ ಹೂವಿನ ಅಚ್ಚು ಮೂಡುತ್ತದೆ. ದಾಸವಾಳದ ಎಸಳು ನೆನೆಸಿದ ನೀರಿಗೆ ನಿಂಬೆರಸ ಬಿದ್ದೊಡನೆ ಬಣ್ಣ ಕೆಂಪೇರುವುದನ್ನು ನೋಡುವ ಮಗುವಿಗೆ ರಸಾಯನಶಾಸ್ತ್ರದ ಹೆಸರು ಗೊತ್ತಿರಬೇಕಿಲ್ಲ. ತೆಂಗಿನ ಚಿಪ್ಪಿನಲ್ಲಿ ಚೆಲ್ಲಿದ ರಾಗಿ ಕೆಲವೇ ದಿನಗಳಲ್ಲಿ ಮೊಳೆತಾಗ, ಅನ್ನ ಎಲ್ಲಿಂದ ಬರುತ್ತದೆ ಎಂಬ ಮೊದಲ ಪಾಠ ಮುಗಿದಿರುತ್ತದೆ.

ಹಾಗೆಂದು ಮನೆಯದೆಲ್ಲವೂ ನಿರಪಾಯಕಾರಿ ಎಂದು ಸಾರುವುದು ಅಪ್ರಾಮಾಣಿಕತೆಯಾದೀತು. ಮೂರು ವರ್ಷದೊಳಗಿನ ಮಗು ಎಲ್ಲವನ್ನೂ ಬಾಯಿಗಿಡುತ್ತದೆ. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ 31.7 ಮಿ.ಮೀ. ಅಗಲದ ಕೊಳವೆಯೊಳಗೆ ಇಳಿಯುವ ವಸ್ತುವನ್ನು ಈ ವಯಸ್ಸಿನವರಿಗೆ ಅಪಾಯಕಾರಿ ಎಂದೇ ಎಣಿಸಲಾಗುತ್ತದೆ. ಹುಣಸೆಬೀಜ, ಅಂಟುವಾಳ, ಅವರೆಕಾಳುಗಳೆಲ್ಲ ಆ ಕೊಳವೆಯಲ್ಲಿ ಇಳಿಯುವಂಥವೇ. ಕೆಂಪು ಕಪ್ಪಿನ ಗುಲಗಂಜಿ, ಹರಳು ಬೀಜ, ಕಣಗಿಲೆ, ಉಮ್ಮತ್ತಿಗಳು ನೇರ ವಿಷ. ಆಟದ ಬುಟ್ಟಿಗೆ ಅವು ಸಲ್ಲವು. ಮಣ್ಣಾಟದ ಅನಂತರ ಸೋಪಿನಿಂದ ಕೈ ತೊಳೆಸುವುದು, ಉಗುರು ಕತ್ತರಿಸುವುದು, ಒಂದು ವರ್ಷ ದಾಟಿದ ಮಕ್ಕಳಿಗೆ ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನದಂದು ಮಾತ್ರೆ ಕೊಡಿಸುವುದು ಕಡ್ಡಾಯ. ಒಂದು ಗೇಣು ನೀರಿನಲ್ಲೂ ಕೂಸು ಮುಳುಗಬಲ್ಲದು. 2014ರಿಂದ ಕೃಷಿ ಭಾಗ್ಯ ಯೋಜನೆಯಡಿ ರಾಜ್ಯದ ಹೊಲಗಳಲ್ಲಿ ತೋಡಿದ ಕೃಷಿಹೊಂಡಗಳ ಪ್ಲಾಸ್ಟಿಕ್ ಹೊದಿಕೆ ಹಾವಸೆಗಟ್ಟಿ ಜಾರುತ್ತದೆ; ಒಳಗೆ ಬಿದ್ದ ದೊಡ್ಡವರಿಗೇ ಹತ್ತಿ ಬರುವುದು ಕಷ್ಟ. ಬೇಲಿಯಿಲ್ಲದ ಹೊಂಡ ಅಂಗಳದ ಪಕ್ಕದಲ್ಲಿದ್ದರೆ ಆಟದ ಮಾತೇ ವ್ಯರ್ಥ.

ನಿಜವಾದ ಜಗಳವಿರುವುದು ಆ ಅಂಗಳದ ಬಗ್ಗೆಯೇ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ಮಾರ್ಚಿನಲ್ಲಿ ಸಸಿಮಡಿ ಆರಂಭವಾಗಿ ಮೇ ತಿಂಗಳಲ್ಲಿ ನಾಟಿ ನಡೆಯುತ್ತದೆ. ಅಂದರೆ ಮಕ್ಕಳ ಬೇಸಿಗೆಯೂ ತಂಬಾಕಿನ ಸಸಿಮಡಿಯೂ ಒಂದೇ ಕಾಲಕ್ಕೆ, ಎಷ್ಟೋ ಕಡೆ ಒಂದೇ ಅಂಗಳಕ್ಕೆ ಬರುತ್ತವೆ. ಊರವರು ಔಷಧಿ ಎಂದು ಕರೆಯುವ ವಿಷದ ಡಬ್ಬಿ ಜಗಲಿಯ ಮೂಲೆಯಲ್ಲಿರುತ್ತದೆ. ಖಾಲಿಯಾದ ಬಾಟಲಿಯನ್ನು ತೊಳೆದು ನೀರಾಟಕ್ಕೆ ಕೊಡುವವರಿದ್ದಾರೆ. ಗೊಬ್ಬರದ ಚೀಲ ಕೂಸಿನ ಹಾಸಿಗೆಯಾಗುತ್ತದೆ. ಜುಲೈ ಬಂದು ಎಲೆ ಮುರಿಯತೊಡಗಿದರೆ, ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ದೇಹಕ್ಕಿಳಿದು ವಾಂತಿ, ತಲೆಸುತ್ತು ತರುತ್ತದೆ. ದೊಡ್ಡವರಿಗೆ ಒಂದು ದಿನದ ಸುಸ್ತು ತರುವ ಪ್ರಮಾಣ ಹತ್ತು ಕಿಲೋ ತೂಕದ ಮಗುವಿಗೆ ಎಷ್ಟು ಭಾರವಾದೀತೆಂದು ಲೆಕ್ಕ ಹಾಕಲು ಡಾಕ್ಟರೇಟ್ ಬೇಕಿಲ್ಲ.

ಕರಾವಳಿಯ ಪಾಠ ಕಣ್ಣ ಮುಂದಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿಯಲಾಯಿತು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ 13ರಂದು. ಅಷ್ಟರೊಳಗೆ ಆ ಊರುಗಳ ಮನೆಗಳಲ್ಲಿ ನಡೆಯಲಾರದ, ಮಾತು ಬಾರದ ಮಕ್ಕಳು ಬೆಳೆದಿದ್ದರು. ವಿಷ ಸುರಿದವರ ಲೆಕ್ಕಪತ್ರದಲ್ಲಿ ಗೇರುಬೀಜದ ಇಳುವರಿಯಿತ್ತು. ಮಕ್ಕಳ ಆಟಕ್ಕೆ ಅಲ್ಲಿ ಕಾಲಮ್ಮೇ ಇರಲಿಲ್ಲ.

ಇಲ್ಲಿ ತಾಯಂದಿರನ್ನು ದೂಷಿಸುವುದು ಸುಲಭ, ಅನ್ಯಾಯ ಕೂಡ. ಬೆಳಗಿನಿಂದ ಸಸಿಗೆ ನೀರು ಹಾಕಿ, ಮಧ್ಯಾಹ್ನ ದನಕ್ಕೆ ಹುಲ್ಲು ತಂದು, ಸಂಜೆ ಒಲೆಯ ಮುಂದೆ ಕೂರುವ ಹೆಣ್ಣುಮಗಳು ಕೂಸಿನ ಕೈಗೆ ಮೊಬೈಲ್ ಕೊಟ್ಟರೆ ಅದು ಮೋಹವಲ್ಲ, ಗತ್ಯಂತರವಿಲ್ಲದ ಉಪಾಯ. ‘ನಮ್ಮ ಕಾಲದಲ್ಲಿ ಮಕ್ಕಳು ತಾವೇ ಆಡಿ ಬೆಳೆದವು’ ಎನ್ನುವ ಹಿರಿಯರ ಮಾತೂ ಅರ್ಧ ಸತ್ಯ. ಆ ಕಾಲದಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಶಾಲೆ ಬಿಟ್ಟವಳು ಏಳೆಂಟು ವರ್ಷದ ಅಕ್ಕ. ಅವಳ ಓದನ್ನು ಬಲಿಕೊಟ್ಟು ಪಡೆದ ಬಾಲ್ಯವನ್ನು ಮತ್ತೆ ತರಬೇಕೆಂದು ಯಾರೂ ಹಂಬಲಿಸಬಾರದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರ ಪಾಲಿಗೆ ಬಂದದ್ದು ಮುಖ್ಯವಾಗಿ ಮನೆಗೊಯ್ಯುವ ಆಹಾರ. 2023-24ರ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸಾರಿದ್ದು ಈ ಕಂದರವನ್ನು ತುಂಬುವ ಹೆಜ್ಜೆ. ಆದರೆ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಿಗಷ್ಟೇ ಅಲ್ಲ, ಸಸಿಮಡಿಯಲ್ಲಿ ಕೂಲಿ ಮಾಡುವ ತಾಯಿಗೂ ಅಂಥ ಬಾಗಿಲು ತೆರೆದಿರಬೇಕು.

ಇದು ಅಸಾಧ್ಯವೆನ್ನುವವರು ರಾಮನಾಥಪುರದ ಹೊಳೆದಂಡೆಗೆ ಹೋಗಿ ನೋಡಲಿ. ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನುಗಳಿಗೆ ಯಾರೂ ಗಾಳ ಹಾಕಬಾರದೆಂಬುದು ತಲೆಮಾರುಗಳ ಕಟ್ಟಳೆ. ಹಸಿವಿನ ಕಾಲವನ್ನೂ ಕಂಡ ಊರು ಹೊಳೆಯ ಒಂದು ತುಣುಕನ್ನು ಮೀನಿಗಾಗಿ ಮೀಸಲಿಡಬಲ್ಲುದಾದರೆ, ನೆಲದ ಒಂದು ತುಣುಕನ್ನು ತನ್ನದೇ ಕೂಸುಗಳಿಗಾಗಿ ಮೀಸಲಿಡಲಾರದೆ?

ಬೇಡಿಕೆಗಳು ದೊಡ್ಡವಲ್ಲ. ಪ್ರತಿ ಅಂಗನವಾಡಿಯ ಮುಂದೆ ಹೊಂಗೆಯ ನೆರಳಿನಲ್ಲಿ ವಿಷ ಸೋಕದ ಒಂದು ಮಣ್ಣಿನ ಗುಡ್ಡೆಯಿರಲಿ. ಮಕ್ಕಳಿರುವ ಮನೆಯಂಗಳದಿಂದ ಸಸಿಮಡಿಯೂ ಔಷಧಿ ಹೊಡೆಯುವ ಕ್ಯಾನೂ ಆಚೆ ಹೋಗಲಿ, ಡಬ್ಬಿಗಳು ಬೀಗದೊಳಗಿರಲಿ. ಕೃಷಿಹೊಂಡಕ್ಕೆ ಬೇಲಿಯಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಪ್ರಶ್ನೆ ಏಳಲಿ. ರಜೆಗೆ ಊರಿಗೆ ಬರುವ ಕಾಲೇಜು ವಿದ್ಯಾರ್ಥಿಗಳು, ಹುಡುಗಿಯರಷ್ಟೇ ಅಲ್ಲದೆ ಹುಡುಗರೂ, ದಿನಕ್ಕೆ ಒಂದು ಗಂಟೆ ಗರಿ ಮಡಿಸಲು, ಹಾಳೆ ಎಳೆಯಲು ಕೂರಲಿ. ತಂದೆಯಾದವನು ಸಂಜೆಯ ಚಹಾ ಅಂಗಡಿಯಿಂದ ಅರ್ಧ ಗಂಟೆ ಮೊದಲೇ ಎದ್ದು ಬರಲಿ. ಇವುಗಳಲ್ಲಿ ಯಾವುದಕ್ಕೂ ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. ಮುಂದಿನ ಸಸಿಮಡಿಯ ಜಾಗ ಗೊತ್ತುಮಾಡುವ ಮೊದಲು ಪ್ರತಿ ಮನೆಯೂ ಕೂಸಿನ ಜಾಗವನ್ನು ಗೊತ್ತುಮಾಡಬೇಕು.